ಸುಮ್ಮನೆ ಕೂರುವುದೂ ಒಂದು ವಿದ್ಯೆ

ತಿರುಪ್ಪೂರು ಎಂದೊಡನೆ ನಮ್ಮ ಕಡೆಯವರ ನೆನಪಿಗೆ ಬರುವುದು ಬನಿಯನು. ಸ್ವಾತಂತ್ರ್ಯ ಚಳವಳಿಯ ಚರಿತ್ರೆಯನ್ನು ಓದಿದವರಿಗಾದರೆ, 1932ರ ಜನವರಿಯಲ್ಲಿ ಪೊಲೀಸರ ಲಾಠಿಯೇಟು ತಿಂದರೂ ಕೈಯ ಬಾವುಟವನ್ನು ಬಿಡದೆ ಪ್ರಾಣ ಬಿಟ್ಟ ಕುಮಾರನ್ ನೆನಪಾಗಬಹುದು. ನೊಯ್ಯಲ್ ಹೊಳೆಯ ದಂಡೆಯ ಈ ಪೇಟೆ ಮೊದಲಿಗೆ ಹತ್ತಿ ವ್ಯಾಪಾರದಿಂದ ಬದುಕುತ್ತಿತ್ತು. 1920–30ರ ದಶಕಗಳಲ್ಲಿ ಅಲ್ಲಿಗೆ ಹೆಣಿಗೆಯ ಯಂತ್ರಗಳು ಬಂದವು. 1980ರ ದಶಕದಲ್ಲಿ ಹೊರದೇಶಗಳಿಗೆ ಸಿದ್ಧ ಉಡುಪಿನ ರಫ್ತು ಭರದಿಂದ ಬೆಳೆಯಿತು. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಕೂಡಿಸಿ ತಿರುಪ್ಪೂರನ್ನೇ ಒಂದು ಜಿಲ್ಲೆಯನ್ನಾಗಿ ಮಾಡಿದರು.

ಆದರೆ ಆ ಊರಿನಲ್ಲಿ ಕನ್ನಡವೂ ಉಂಟು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ದೇವಾಂಗ ನೇಕಾರರ ಮನೆಮಾತು ಕನ್ನಡ. ಒಕ್ಕಲಿಗರ ಮನೆಗಳೂ ಅಲ್ಲಿವೆ. ಸಿರುಮುಗೈ, ನೆಗಮಂ ಮುಂತಾದ ಕಡೆ ಕೈಮಗ್ಗದ ಸೀರೆಗೆ ಇಂದಿಗೂ ಹೆಸರಿದೆ. ಇವರಿಗೆ ಚೌಡೇಶ್ವರಿ ಕುಲದೇವತೆ. ವಚನಕಾರ ಜೇಡರ ದಾಸಿಮಯ್ಯ ತಮ್ಮವನೇ ಎಂಬ ಅಭಿಮಾನ. ಮನೆಯೊಳಗೆ ಕನ್ನಡ ಆಡುವ ಇವರಲ್ಲಿ ಹೆಚ್ಚಿನವರಿಗೆ ಕನ್ನಡ ಅಕ್ಷರ ಬಾರದು. ಓದು ಬರಹವೆಲ್ಲ ತಮಿಳಿನಲ್ಲಿ. ನಮ್ಮ ಕಾಸರಗೋಡಿನ ಕನ್ನಡಿಗರ ಪಾಡಿಗೂ ಅವರ ಪಾಡಿಗೂ ಇರುವ ಅಂತರ ಇದು: ನಾವು ಶಾಲೆಯನ್ನು ಉಳಿಸಿಕೊಂಡಿದ್ದೇವೆ, ಅವರು ಬರಿಯ ಮಾತನ್ನು ಉಳಿಸಿಕೊಂಡಿದ್ದಾರೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಈಗ ತಿರುಪ್ಪೂರಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ. ಅವನು ಬಾಡಿಗೆಗೆ ಹಿಡಿದ ಮಾಳಿಗೆಯ ಕೆಳಗಿನ ಮನೆಯವರು ದೇವಾಂಗರು. "ಸರ್, ಇಲ್ಲಿ ಮನೆಯ ಒಡತಿ ಸೊಸೆಯನ್ನು ಬೈಯುವುದು ಕನ್ನಡದಲ್ಲಿ" ಎಂದು ಅವನು ಫೋನಿನಲ್ಲಿ ಹೇಳಿದಾಗ ನಮಗೆ ಕುತೂಹಲವಾಗದೆ ಇದ್ದೀತೆ? ಬೇಸಗೆಯ ರಜೆಯಲ್ಲಿ ರೈಲು ಹತ್ತಿ, ಶೊರನೂರು, ಪಾಲಕ್ಕಾಡು, ಕೊಯಮತ್ತೂರು ದಾಟಿ ಹೋಗಿ ಬಂದೆವು. ಮೂರು ದಿನ ಇದ್ದೆವು. ಭಾಷೆಯ ಬಗ್ಗೆ ಏನಾದರೂ ಟಿಪ್ಪಣಿ ಮಾಡಿಕೊಂಡು ಬರಬೇಕೆಂದು ಹೋದವರು, ಬೇರೊಂದು ವಿಷಯವನ್ನು ತಲೆಯಲ್ಲಿ ಹೊತ್ತು ಮರಳಿದೆವು. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಮನೆಯ ಒಡತಿಗೆ ಈಗ ಐವತ್ತೈದರ ಆಸುಪಾಸು. ಹುಟ್ಟಿದ್ದು ಕುಣಿಮಗ್ಗದ ಮನೆಯಲ್ಲಿ. ಮಗ್ಗದ ಮನೆ ಎಂದರೇನು ಎಂಬುದನ್ನು ಬಲ್ಲವರು ಬಲ್ಲರು. ನೇಯುವವನು ಒಬ್ಬನಾದರೂ ಅವನ ಹಿಂದೆ ಮನೆಯ ಅಷ್ಟೂ ಕೈಗಳು ದುಡಿಯಬೇಕು. ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೆ ಚಾಚಿ ಗಂಜಿ ಹಚ್ಚಬೇಕು, ಕಡಿದ ಎಳೆಯನ್ನು ಕೂಡಿಸಬೇಕು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಕೊಡಬೇಕು. ಕಂಡಿಕೆ ಸುತ್ತುವುದು ಮಕ್ಕಳ ಪಾಲು. ಕಂಡಿಕೆ ತಡವಾದರೆ ಲಾಳಿ ನಿಲ್ಲುತ್ತದೆ, ಲಾಳಿ ನಿಂತರೆ ಮಗ್ಗದ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ನೆರೆಮನೆಯವರು ಬಂದು "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಾರೆ. ಎಂಟನೆಯ ವಯಸ್ಸಿಗೆ ಈಕೆ ಕಂಡಿಕೆ ಸುತ್ತಲು ಕುಳಿತರು. ಹನ್ನೊಂದಕ್ಕೆ ಶಾಲೆ ಬಿಟ್ಟು ಬನಿಯನ್ ಕಂಪೆನಿಗೆ ಹೋದರು. ಅದು 1980ರ ದಶಕದ ಆರಂಭ.

ಅಲ್ಲಿ ಮಕ್ಕಳ ಕೆಲಸಕ್ಕೆ 'ಕೈಮಡಿ' ಎಂದು ಹೆಸರು. ಹೊಲಿಗೆಯವನ ಬದಿಯಲ್ಲಿ ನಿಂತು ತುಂಡುಗಳನ್ನು ಮಡಿಸಿ ಕೊಡುವುದು, ಹೊಲಿದುದನ್ನು ಎಳೆದು ಮಗುಚುವುದು, ಹೆಚ್ಚಿನ ನೂಲನ್ನು ಕತ್ತರಿಸುವುದು. ಹೊಲಿಗೆಯವನಿಗೆ ಕೂಲಿ ತುಂಡಿನ ಲೆಕ್ಕದಲ್ಲಿ. ಆದುದರಿಂದ ಮಗುವಿನ ಕೈ ನಿಧಾನವಾದರೆ ನಷ್ಟ ಅವನಿಗೆ, ಬೈಗುಳ ಇವಳಿಗೆ. ತಿರುಪ್ಪೂರಿನಲ್ಲಿ ದಿನವನ್ನು ಎಣಿಸುವ ರೀತಿಯೂ ಬೇರೆ. ಬೆಳಗ್ಗೆ ಎಂಟೂವರೆಗೆ ಹೊಕ್ಕು ರಾತ್ರಿ ಎಂಟರ ತನಕ ದುಡಿದರೆ ಒಂದೂವರೆ ಶಿಫ್ಟು. ಸರಕು ಹಡಗಿಗೆ ಹೋಗುವ ಗಡುವು ಹತ್ತಿರ ಬಂದರೆ ನಡುರಾತ್ರಿಯೂ ದಾಟುತ್ತದೆ. ಶನಿವಾರ ಸಂಬಳ. ಎಳೆಯ ವಯಸ್ಸಿನಲ್ಲಿಯೇ ಈ ಗಣಿತ ತಲೆಗೇರಿದ ಮೇಲೆ ಆ ಮಗುವಿಗೆ ಗಡಿಯಾರದ ಒಂದೊಂದು ನಿಮಿಷಕ್ಕೂ ಬೆಲೆಯ ಚೀಟಿ ಅಂಟಿಸಿದಂತೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ್ದು ಕನಿಕರ ಹುಟ್ಟಿಸಲಿಕ್ಕಲ್ಲ. ಆಕೆಯ ಮನೆಯಲ್ಲಿ ಇಂದು ಅನ್ನಕ್ಕೆ ಕೊರತೆಯಿಲ್ಲ. ಮಗ ಸಂಪಾದಿಸುತ್ತಾನೆ, ಮಾಳಿಗೆಯ ಬಾಡಿಗೆ ಬರುತ್ತದೆ. ಆಕೆ ಹೊಲಿಗೆಯ ಕೆಲಸವನ್ನು ಬಿಟ್ಟು ಕೆಲವು ವರ್ಷಗಳಾದವು. ಆದರೂ ಕೂರಲಾರರು. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಆಕೆಯ ಬೆರಳುಗಳು ಸೆರಗಿನ ಅಂಚನ್ನು ಮಡಿಸುತ್ತಿದ್ದವು, ಬಿಡಿಸುತ್ತಿದ್ದವು. ಊಟವನ್ನು ನಿಂತೇ ಮುಗಿಸುತ್ತಾರೆ. ಹಗಲು ಹೊತ್ತು ಅರೆಗಳಿಗೆ ಮಲಗಿದರೆ, ಬಾಗಿಲ ಬಳಿ ಹೆಜ್ಜೆ ಕೇಳಿಸಿದ ಕೂಡಲೆ ಎದ್ದು ಕೈಗೆ ಸಿಕ್ಕಿದ ಪಾತ್ರೆಯನ್ನು ಹಿಡಿದುಕೊಳ್ಳುತ್ತಾರೆ. "ಕೈ ಸುಮ್ಮನಿದ್ದರೆ ಹಿಂದಿನಿಂದ ಯಾರೋ ಬೈದ ಹಾಗೆ ಕೇಳುತ್ತದೆ" ಎಂದರು. ಕೆಲವು ವರ್ಷಗಳ ಹಿಂದೆ ತೋಳಿನ ಕೀಲು ಬಿಗಿದು, ವೈದ್ಯರು ಆರು ವಾರ ತೋಳಿಗೆ ವಿಶ್ರಾಂತಿ ಬೇಕೆಂದಾಗ ಮೊದಲ ವಾರವಿಡೀ ಅತ್ತರಂತೆ, ನೋವಿಗಲ್ಲ. ಸೊಸೆಯ ಕಣ್ಣು ತಪ್ಪಿಸಿ ಹೊದಿಕೆಯೊಳಗೆ ಎಡಗೈಯಿಂದ ನೂಲು ಕತ್ತರಿಸುತ್ತಿದ್ದರಂತೆ! ಮಕ್ಕಳು ಕದ್ದು ಮಿಠಾಯಿ ತಿನ್ನುವುದನ್ನು ಕೇಳಿದ್ದೇವೆ. ಕದ್ದು ದುಡಿಯುವವರನ್ನು ನಾವು ಕಂಡುದು ಇದೇ ಮೊದಲು.

ನಿಜಕ್ಕೂ ಮೊದಲೇ? ಹಾಗೆಂದು ಬರೆದ ಮೇಲೆ ನಮ್ಮ ಊರಿನ ಮನೆಗಳೇ ಕಣ್ಣಿಗೆ ಕಟ್ಟುತ್ತಿವೆ. ಮಡಿಲಲ್ಲಿ ತಡ್ಪೆ ಇರಿಸಿಕೊಂಡು ಬೀಡಿ ಕಟ್ಟುತ್ತಿದ್ದ ತಾಯಂದಿರು, ಅವರ ಪಕ್ಕದಲ್ಲಿ ಕುಳಿತು ಬೀಡಿಗೆ ನೂಲು ಸುತ್ತಿ ಬಾಯಿ ಮಡಿಸುತ್ತಿದ್ದ ಮಕ್ಕಳು. ಶಾಲೆಯ ಪುಸ್ತಕ ಒಂದು ಬದಿಗೆ, ಎಲೆಯ ಕಟ್ಟು ಇನ್ನೊಂದು ಬದಿಗೆ. ಸಾವಿರದ ಲೆಕ್ಕ ತುಂಬಬೇಕು, ಸಂಜೆಗೆ ಬ್ರಾಂಚಿಗೆ ಒಯ್ಯಬೇಕು. ಕಾಸರಗೋಡಿನಲ್ಲಾಗಲಿ ದಕ್ಷಿಣ ಕನ್ನಡದಲ್ಲಾಗಲಿ ನಲವತ್ತು ದಾಟಿದ ಎಷ್ಟು ಜನರ ಬಾಲ್ಯಕ್ಕೆ ಈ ಹೊಗೆಸೊಪ್ಪಿನ ವಾಸನೆ ಇಲ್ಲ! ಅವರಲ್ಲಿ ಅನೇಕರು ಇಂದು ಉದ್ಯೋಗಸ್ಥರು, ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು. ಭಾನುವಾರದಂದು ಅವರ ಮನೆಗೆ ಹೋಗಿ ನೋಡಿ: ಒಬ್ಬರು ಆಗಲೇ ತೊಳೆದ ಸ್ಕೂಟರನ್ನು ಮತ್ತೆ ತೊಳೆಯುತ್ತಿರುತ್ತಾರೆ, ಇನ್ನೊಬ್ಬರು ಕಪಾಟಿನ ಬಟ್ಟೆಯನ್ನೆಲ್ಲ ಹೊರಗೆ ಹಾಕಿ ಮತ್ತೆ ಮಡಿಸುತ್ತಿರುತ್ತಾರೆ.

1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 'ದ ಹರ್ರೀಡ್ ಚೈಲ್ಡ್' ಎಂಬ ಪುಸ್ತಕ ಬರೆದು, ಮಕ್ಕಳನ್ನು ಬೇಗ ಬೇಗ ದೊಡ್ಡವರನ್ನಾಗಿಸುವ ಆತುರದಿಂದ ಆಗುವ ಹಾನಿಯನ್ನು ಎತ್ತಿ ತೋರಿಸಿದರು. ಆತನ ಕಣ್ಣ ಮುಂದೆ ಮುಖ್ಯವಾಗಿ ಇದ್ದುದು ಅಲ್ಲಿನ ಮಧ್ಯಮ ವರ್ಗದ ಮಕ್ಕಳು. ತಂದೆತಾಯಿಯರ ಹೆಬ್ಬಯಕೆ, ಶಾಲೆಯ ಪರೀಕ್ಷೆ, ಟೆಲಿವಿಷನ್ನಿನ ಒತ್ತಡ. ನಮ್ಮ ಮಗ್ಗದ, ಬೀಡಿಯ ಮಕ್ಕಳ ಅವಸರ ಬೇರೆ ಜಾತಿಯದು. ಇಲ್ಲಿ ಮಗು ಕುಳಿತರೆ ಮನೆಯ ರಾತ್ರಿಯ ಗಂಜಿಯಲ್ಲಿ ಒಂದು ಹಿಡಿ ಕಡಿಮೆ. ಹೀಗಾಗಿ ತನ್ನ ಬಿಡುವು ಇನ್ನೊಬ್ಬರ ಹಸಿವು ಎಂಬ ಸಮೀಕರಣ ಎಳವೆಯಲ್ಲಿಯೇ ಕಲ್ಲಿನಲ್ಲಿ ಕೊರೆದಂತೆ ಉಳಿಯುತ್ತದೆ. ಹಸಿವು ಹೋದ ಮೇಲೂ ಸಮೀಕರಣ ಅಳಿಸುವುದಿಲ್ಲ. ದೊಡ್ಡವರಾದ ಮೇಲೆ ಅವರನ್ನು ಕಾಡುವ ಅಪರಾಧ ಭಾವನೆ ಹುಚ್ಚು ಕಲ್ಪನೆಯಲ್ಲ, ಅದು ಹಳೆಯ ಒಂದು ಲೆಕ್ಕ. ಆಗ ಸರಿಯಾಗಿದ್ದ ಲೆಕ್ಕ.

ಈ ಕಾರಣದಿಂದ, ಇಂದು ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಸುಲಭವಾಗಿ ಸಿಗುವ "ವಿಶ್ರಾಂತಿ ತೆಗೆದುಕೊಳ್ಳಿ, ಮನಸ್ಸನ್ನು ಹಗುರ ಮಾಡಿಕೊಳ್ಳಿ" ಎಂಬ ಉಪದೇಶದಲ್ಲಿ ನಮಗೆ ಅಷ್ಟೊಂದು ವಿಶ್ವಾಸವಿಲ್ಲ. ಕೂಲಿಯಿಲ್ಲದ ಬಿಡುವು ಬಿಡುವಲ್ಲ. ತಿರುಪ್ಪೂರಿನವರು ಅದನ್ನು ಎರಡು ಬಾರಿ ಕಂಡಿದ್ದಾರೆ. ಬಣ್ಣದ ನೀರು ನೊಯ್ಯಲನ್ನು ಕೆಡಿಸಿತೆಂದು 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸಿದಾಗ ಒಮ್ಮೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡಿನ ಲಾಕ್‌ಡೌನ್ ಬಂದಾಗ ಇನ್ನೊಮ್ಮೆ. ಎರಡು ಸಲವೂ ಯಂತ್ರಗಳು ನಿಂತವು, ಬೀದಿ ನಿಶ್ಶಬ್ದವಾಯಿತು, ಜನರ ಕೈಗೆ ಬೇಕಾದಷ್ಟು ಸಮಯ ಬಂತು. ಹೊಳೆಯ ಮೇಲಿನ ಅನ್ಯಾಯವನ್ನು ತಡೆಯಬೇಕಾದ್ದು ಸರಿಯೇ. ಆದರೆ ಆ ದಿನಗಳನ್ನು ವಿಶ್ರಾಂತಿ ಎಂದು ಕರೆಯುವ ಧೈರ್ಯ ಯಾರಿಗಿದೆ? ಬಿಹಾರ, ಒಡಿಶಾಗಳಿಂದ ಬಂದಿದ್ದ ಕೆಲಸಗಾರರು ಊರಿಗೆ ಹೋಗುವ ರೈಲಿಗಾಗಿ ಕಾದು ನಿಂತ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ.

ಆದುದರಿಂದ ಮೊದಲು ಬೇಕಾದದ್ದು ಹಕ್ಕು. ಅದು ಬಂದ ದಾರಿ ಎಷ್ಟು ನಿಧಾನವಾದುದೆಂಬುದನ್ನು ಪಾಠ ಹೇಳುವವರಾದ ನಾವು ಸ್ವಲ್ಪ ವಿವರಿಸಲೇಬೇಕು. ಹಿಂದುಸ್ಥಾನದ ಮೊದಲ ಕಾರಖಾನೆ ಕಾಯಿದೆ 1881ರದು. ಏಳು ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡರವರೆಗಿನವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದೇ ಆ ಕಾಲದ ಔದಾರ್ಯ! ಮುಂಬಯಿಯ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ಭಾನುವಾರದ ರಜೆ ದೊರಕಿದ್ದು 1890ರ ಜೂನ್ 10ರಂದು. ಮರುವರ್ಷದ ಕಾಯಿದೆಯಲ್ಲಿ ವಾರದ ರಜೆ ಸೇರಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1946ರಲ್ಲಿ 48 ಎಂದು ಇಳಿಯುತ್ತ ಬಂತು. ಸ್ವಾತಂತ್ರ್ಯದ ಬಳಿಕ ಬಂದ 1948ರ ಕಾರಖಾನೆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದೆ. ಅರುವತ್ತು ಗಂಟೆಯಿಂದ ನಲವತ್ತೆಂಟಕ್ಕೆ ಇಳಿಯಲು ಒಂದು ಪೀಳಿಗೆಯೇ ಬೇಕಾಯಿತು. ಮತ್ತೆ ಏರಿಸುವುದಕ್ಕೆ ಅಷ್ಟು ಕಾಲ ಬೇಡ: 2023ರ ಏಪ್ರಿಲಿನಲ್ಲಿ ತಮಿಳುನಾಡಿನ ವಿಧಾನಸಭೆ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಡುವ ಮಸೂದೆಯನ್ನು ಅಂಗೀಕರಿಸಿತ್ತು. ಕಾರ್ಮಿಕ ಸಂಘಗಳು ಎದ್ದು ನಿಂತವು. ಮೇ ದಿನದಂದು ಮುಖ್ಯಮಂತ್ರಿಗಳು ಅದನ್ನು ಹಿಂತೆಗೆದುಕೊಂಡುದಾಗಿ ಸಾರಿದರು.

ಮಕ್ಕಳ ವಿಷಯದಲ್ಲಿ 1986ರ ಬಾಲಕಾರ್ಮಿಕ ಕಾಯಿದೆ ಬಂತು. ಆದರೆ ಮನೆಯವರೇ ನಡೆಸುವ ಕೆಲಸದ ಜಾಗಕ್ಕೆ ಅದು ತಾಗುತ್ತಿರಲಿಲ್ಲ. ಅಂದರೆ ಮಗ್ಗವೂ ತಡ್ಪೆಯೂ ಅದರ ಕೈಗೆ ಸಿಗಲಿಲ್ಲ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಪೂರ್ತಿಯಾಗಿ ನಿಷೇಧಿಸಿತಾದರೂ, ಅಪಾಯಕಾರಿಯಲ್ಲದ ಮನೆಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಹಾಗೂ ರಜೆಯಲ್ಲಿ ನೆರವಾಗಬಹುದು ಎಂದು ಬಾಗಿಲನ್ನು ಅರ್ಧ ತೆರೆದಿಟ್ಟಿತು. ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ! ಮಗುವಿಗೆ ಆಡಲು, ಮಲಗಲು, ಸುಮ್ಮನಿರಲು ಇರುವ ಹೊತ್ತು ಅದೊಂದೇ ತಾನೆ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ ಮತ್ತು ಆಟವನ್ನು ಮಗುವಿನ ಹಕ್ಕೆಂದೇ ಹೇಳಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಓದುವ ಹಕ್ಕಿನ ಬಗ್ಗೆ ಮಾತಾಡುವಷ್ಟು ನಾವು ಶಿಕ್ಷಕರು ಈ ಹಕ್ಕಿನ ಬಗ್ಗೆ ಮಾತಾಡುವುದಿಲ್ಲ.

ದೊಡ್ಡವರ ಕುಳಿತುಕೊಳ್ಳುವ ಹಕ್ಕಿಗೂ ಹೋರಾಟವೇ ಬೇಕಾಯಿತು. ಕಲ್ಲಿಕೋಟೆಯಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬವರು 'ಪೆಣ್‌ಕೂಟ್' ಎಂಬ ಮಹಿಳೆಯರ ಸಂಘಟನೆಯನ್ನು ಕಟ್ಟಿ, ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವ ಹೆಂಗಸರಿಗೆ ಕೂರಲು ಒಂದು ಸ್ಟೂಲು ಕೊಡಿ ಎಂದು ವರ್ಷಗಟ್ಟಲೆ ಕೇಳಿದರು. 2018ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾಯಿದೆಗೆ ತಿದ್ದುಪಡಿ ತಂದು ಅದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅಂಥ ಕಾಯಿದೆ ಮಾಡಿತು. ಕಾಸರಗೋಡಿನ ಅಂಗಡಿಗಳಿಗೆ ಹೋದಾಗ ನಾವು ಮೆಲ್ಲನೆ ಗಮನಿಸುತ್ತೇವೆ. ಸ್ಟೂಲು ಇದೆ. ಅದರ ಮೇಲೆ ಮಡಿಸಿದ ಸೀರೆಗಳ ರಾಶಿ ಕುಳಿತಿರುತ್ತದೆ! ಹುಡುಗಿಯರನ್ನು ಕೇಳಿದರೆ, "ಕೂತರೆ ನಮಗೇ ಒಂದು ಥರ" ಎನ್ನುತ್ತಾರೆ.

ಆ 'ಒಂದು ಥರ' ಎಂಬುದರ ಮೇಲೆ ಕಾಯಿದೆಗೆ ಅಧಿಕಾರವಿಲ್ಲ. ಮತ್ತೇನು ಅದನ್ನು ಬಿಡಿಸಬಲ್ಲುದು? ಇಲ್ಲಿ ನಾವು ಮತ್ತೆ ತಿರುಪ್ಪೂರಿನ ಆ ಮನೆಗೆ ಬರಬೇಕಾಗಿದೆ.

ಅಳುತ್ತ ಮಲಗಿದ್ದ ಆ ಆರು ವಾರಗಳ ನಡುವೆ ಒಂದು ಅಮಾವಾಸ್ಯೆ ಬಂತು. ಆಕೆಗೆ ತಂದೆಯ ಮನೆ ನೆನಪಾಯಿತು. ಅವರ ಬೀದಿಯಲ್ಲಿ ಅಮಾವಾಸ್ಯೆಯ ದಿನ ಯಾರೂ ಮಗ್ಗ ಮುಟ್ಟುತ್ತಿರಲಿಲ್ಲ. ಇದು ನೇಕಾರರ ಹಳೆಯ ಕಟ್ಟಳೆ. ನಮ್ಮ ಉತ್ತರ ಕರ್ನಾಟಕದ ನೇಕಾರರ ಊರುಗಳಲ್ಲಿಯೂ ಅಮಾವಾಸ್ಯೆಗೆ ರಜೆಯ ರೂಢಿಯಿದೆ. ವರ್ಷವಿಡೀ ಬೆನ್ನು ಬಗ್ಗಿಸಿ ಕೂರುತ್ತಿದ್ದ ತಂದೆ ಆ ದಿನ ಎಣ್ಣೆ ಹಚ್ಚಿ ಮಿಂದು ಹಾಡುಹಗಲಲ್ಲಿ ಜಗಲಿಯ ಮೇಲೆ ಮಲಗುತ್ತಿದ್ದರು. ಯಾರೂ ಅವರನ್ನು ಸೋಮಾರಿ ಎನ್ನಲಿಲ್ಲ. ಏಕೆಂದರೆ ಎದುರು ಮನೆಯ ಜಗಲಿಯಲ್ಲಿಯೂ ಒಬ್ಬರು ಮಲಗಿರುತ್ತಿದ್ದರು! "ಅವತ್ತು ನಾನೂ ಹೇಳಿಕೊಂಡೆ, ಇವತ್ತು ಮಗ್ಗಕ್ಕೆ ರಜೆ ಅಂತ. ಮಗ್ಗವೇ ಇಲ್ಲದಿದ್ದರೂ. ಮಲಗಿದೆ. ನಿದ್ದೆ ಬಂತು." ಆಮೇಲೆ ಪ್ರತಿ ಅಮಾವಾಸ್ಯೆಗೂ ಹಾಗೆ ಮಾಡತೊಡಗಿದರು. ವರ್ಷ ಕಳೆದ ಮೇಲೆ ಹುಣ್ಣಿಮೆಗೂ. ಈಗ ಭಾನುವಾರ ಮಧ್ಯಾಹ್ನ ಕೂಡ ಒಂದು ಗಳಿಗೆ, ಆದರೆ ಅದಿನ್ನೂ ಗಟ್ಟಿಯಾಗಿ ರೂಢಿಯಾಗಿಲ್ಲ. ಸೆರಗಿನ ಅಂಚನ್ನು ನಾವೇ ನೋಡಿದ್ದೇವಲ್ಲ.

ಇದರಲ್ಲಿ ನಮಗೆ ಕಂಡ ಮರ್ಮ ಇಷ್ಟು. ಬಿಡುವು ಒಬ್ಬೊಬ್ಬರೇ ಕದ್ದು ತೆಗೆದುಕೊಳ್ಳುವ ವಸ್ತುವಾದಾಗ ಅದರಲ್ಲಿ ಕಳ್ಳತನದ ಅಳುಕು ಇದ್ದೇ ಇರುತ್ತದೆ. ಬೀದಿಗೆ ಬೀದಿಯೇ ನಿಂತಾಗ ಅಳುಕಿಗೆ ಜಾಗವಿಲ್ಲ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಬಯಲುಸೀಮೆಯ ಅನೇಕ ಊರುಗಳಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನಮ್ಮ ತುಳುನಾಡಿನಲ್ಲಿ ಮಕರ ಮಾಸದ ಕೊನೆಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ನೆಲವನ್ನು ಅಗೆಯುವಂತಿಲ್ಲ, ಉಳುವಂತಿಲ್ಲ. ಎತ್ತಿಗೆ ರಜೆ, ಮಣ್ಣಿಗೆ ರಜೆ, ಮರದ ಮಗ್ಗಕ್ಕೂ ರಜೆ. ಕಂಡಿಕೆ ಸುತ್ತುವ ಹುಡುಗಿಗೆ ಮಾತ್ರ ಪ್ರತ್ಯೇಕವಾಗಿ ಯಾರೂ ರಜೆ ಬರೆಯಲಿಲ್ಲ. ಮಗ್ಗದ ರಜೆಯ ನೆರಳಿನಲ್ಲಿ ಅವಳಿಗೂ ಸ್ವಲ್ಪ ಸಿಕ್ಕಿತು. ಇಂದು ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಶುಕ್ರವಾರ ಎಂದು ವಾರದ ರಜೆಯನ್ನು ಹಂಚಿ ಕೊಡುವ ಉದ್ಯೋಗಗಳು ಹೆಚ್ಚಾಗಿವೆ. ಲೆಕ್ಕಕ್ಕೆ ರಜೆ ಸರಿಯಾಗಿಯೇ ಇದೆ. ಆದರೆ ಮನೆಯವರೆಲ್ಲ ದುಡಿಯುತ್ತಿರುವಾಗ ಒಬ್ಬನೇ ಕುಳಿತಿರುವುದು ಹೇಗೆ? ಅವನು ಎದ್ದು ಸ್ಕೂಟರು ತೊಳೆಯುತ್ತಾನೆ.

ದುಡಿಮೆಯನ್ನು ಪೂಜೆಯೆಂದು ಕಂಡ ನಾಡು ನಮ್ಮದು, ಇದೇನು ಆಲಸ್ಯದ ಬೋಧನೆ ಎಂದು ಕೆಲವರು ಹುಬ್ಬೇರಿಸಬಹುದು. ಕಾಯಕದ ಮಹಿಮೆಯನ್ನು ಸಾರಿದ ಶರಣರ ಕಾಲದಲ್ಲಿಯೇ ಆಯ್ದಕ್ಕಿ ಲಕ್ಕಮ್ಮ ಎಂಬಾಕೆ ಇದ್ದಳಲ್ಲವೆ? ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ಆಸೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳು ಆಕೆ. 'ಇಷ್ಟು ಸಾಕು' ಎನ್ನಲು ಬಲ್ಲವರ ಕಾಯಕ ಅದು. ಒಂದೂವರೆ ಶಿಫ್ಟಿನದಲ್ಲ.

ತಿರುಪ್ಪೂರಿನ ಕೊನೆಯ ದಿನ ಆಕೆ ಒಂದು ಕಾಗದ ತಂದು, ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ಕೊಡಬೇಕೆಂದರು. ಆಡುವ ಮಾತನ್ನು ಬರೆದರೆ ಹೇಗೆ ಕಾಣುತ್ತದೆಂದು ನೋಡಬೇಕಂತೆ. ಬರೆದು ಕೊಟ್ಟೆವು. ಅದರ ಕೆಳಗೆ ತಾನೂ ನಿಧಾನವಾಗಿ, ಅಕ್ಷರದ ದುಂಡನ್ನು ಎರಡೆರಡು ಬಾರಿ ಸುತ್ತಿ ಬರೆದರು. ಅರ್ಧ ಗಂಟೆಯಾದರೂ ಹಿಡಿಯಿತು. "ಇದಕ್ಕೆ ಪೀಸಿಗೆ ಎಷ್ಟು ಕೊಡುತ್ತೀರಿ?" ಎಂದು ನಕ್ಕರು. ಸೊಸೆ ಬಂದು ಚಹಾ ಇಟ್ಟು ಹೋದಾಗ ಎದ್ದು ನಿಲ್ಲಲಿಲ್ಲ.

ಊರಿಗೆ ಬಂದು ಶಾಲೆ ತೆರೆದ ಮೇಲೆ ಈ ಯೋಚನೆಯಿಂದ ಬಿಡುಗಡೆ ಸಿಗಲಿಲ್ಲ. ನಮ್ಮ ತರಗತಿಯ ಮಕ್ಕಳು ಬೀಡಿ ಕಟ್ಟುವುದಿಲ್ಲ. ಆದರೆ ಬೆಳಗ್ಗೆ ಆರೂವರೆಗೆ ಟ್ಯೂಷನ್, ಸಂಜೆ ಮತ್ತೊಂದು ಟ್ಯೂಷನ್, ರಾತ್ರಿ ಮೊಬೈಲು. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ, ಹಗಲು ಕಲಿತದ್ದು ಮನಸ್ಸಿನಲ್ಲಿ ನೆಲೆಯೂರುವುದೂ ನಿದ್ದೆಯಲ್ಲಿಯೇ. ಮೊದಲ ಪೀರಿಯಡಿನಲ್ಲಿ ಆಕಳಿಸುವ ಮುಖಗಳನ್ನು ನೋಡಿದರೆ ಆ ಲೆಕ್ಕ ಎಲ್ಲಿಯೂ ಕೂಡಿ ಬರುವಂತೆ ಕಾಣುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳು ಇತರರಿಗಿಂತ ಒಂದು ಭಾಷೆ ಹೆಚ್ಚು ಕಲಿಯಬೇಕು, ಒಂದು ಹೆಜ್ಜೆ ಮುಂದಿರಬೇಕು, ಇಲ್ಲವಾದರೆ ಉದ್ಯೋಗ ಸಿಗದು ಎಂಬ ತಂದೆತಾಯಿಯರ ಹೆದರಿಕೆ ಸುಳ್ಳೂ ಅಲ್ಲ. ಅವರೇ ತಡ್ಪೆಯ ಬದಿಯಲ್ಲಿ ಕುಳಿತು ಬೆಳೆದವರು. ತಮ್ಮ ಮಗು ಸುಮ್ಮನೆ ಕುಳಿತುದನ್ನು ಕಂಡರೆ ಅವರ ಎದೆ ಧಸಕ್ಕೆನ್ನುತ್ತದೆ.

ಒಂದು ಸೋಮವಾರ ಒಂಬತ್ತನೆಯ ತರಗತಿಯಲ್ಲಿ ಪ್ರಬಂಧಕ್ಕೆ ವಿಷಯ ಕೊಟ್ಟೆವು: 'ನಿನ್ನೆ ನಾನು ಏನೂ ಮಾಡದೆ ಇದ್ದ ಹೊತ್ತು'. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹೆಚ್ಚಿನವರು ತಾವು ಮಾಡಿದ ಕೆಲಸಗಳ ಪಟ್ಟಿಯನ್ನೇ ಬರೆದರು. ಅಂಗಡಿಗೆ ಹೋದೆ, ಹೋಂವರ್ಕ್ ಮುಗಿಸಿದೆ, ತಮ್ಮನನ್ನು ನೋಡಿಕೊಂಡೆ. ಒಬ್ಬ ಹುಡುಗಿ ಮಾತ್ರ, ತಾನು ಬಾವಿಕಟ್ಟೆಯ ಹತ್ತಿರ ಕುಳಿತು ಇರುವೆಗಳು ಒಂದು ಸತ್ತ ಮಿಡತೆಯನ್ನು ಎಳೆದುಕೊಂಡು ಹೋಗುವುದನ್ನು ಅದು ಗೂಡಿನೊಳಗೆ ಸೇರುವ ತನಕ ನೋಡಿದುದನ್ನು ಒಂದು ಪುಟ ಬರೆದಿದ್ದಳು. ಕಾಗುಣಿತದ ತಪ್ಪು ಎರಡೇ. ಕೊನೆಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು: "ಸರ್, ಇದನ್ನು ಅಮ್ಮನಿಗೆ ಹೇಳಬೇಡಿ."